ಮಾರುವಾಗ ಕೇಳದ ಪ್ರಶ್ನೆ



ನಮ್ಮೊಡನೆ ಯುದ್ಧ ಮಾಡಿದ ದೇಶದಲ್ಲಿ ತಯಾರಾದ ವಸ್ತುವನ್ನು ನಾವು ಕೊಳ್ಳಬಹುದೇ? ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ಪ್ರಶ್ನೆ ಇದು. ದೆಹಲಿಯಲ್ಲಿ ಇದನ್ನು ವಿದೇಶಾಂಗ ನೀತಿಯ ವಿಷಯವೆಂದು ಚರ್ಚಿಸುತ್ತಾರೆ. ತಿಪಟೂರಿನ ತೆಂಗಿನ ಸೀಮೆಯಲ್ಲಿ ನಿಂತು ಚರ್ಚಿಸಲು ಬೇರೆಯೇ ಕಾರಣವಿದೆ. ನಾವು ಮಾಡುವ ಉಂಡೆ ಕೊಬ್ಬರಿಯನ್ನು ನಾವು ತಿನ್ನುವುದು ಕಡಿಮೆ. ಕಾಯಿ ಕೆಡವಿ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗುವವರೆಗೆ ಎಂಟು ಹತ್ತು ತಿಂಗಳು ಕಾದು, ಆಮೇಲೆ ಸುಲಿದು, ಚಿಪ್ಪು ಒಡೆದು, ಕೌಟು ಬೇರೆ ಮಾಡಿ, ಚೀಲ ತುಂಬಿ ಎಪಿಎಂಸಿಗೆ ತರುತ್ತೇವೆ. ಆ ಚೀಲದ ಬೆಲೆ ನಿಂತಿರುವುದು ರಾಜಸ್ಥಾನ, ದೆಹಲಿ, ಉತ್ತರ ಪ್ರದೇಶಗಳ ಹಬ್ಬ, ಮದುವೆ, ಚಳಿಗಾಲಗಳ ಮೇಲೆ. ನಾವು ಎಂದೂ ನೋಡದ ಊರಿನ ಜನ ಕೊಂಡರೆ ನಮ್ಮ ಮಕ್ಕಳ ಕಾಲೇಜಿನ ಫೀಜು ಕಟ್ಟಿದಂತೆ. ಅವರು ಕೈ ಹಿಂದೆಗೆದರೆ ಏನಾಗುತ್ತದೆಂದು 2023ರಲ್ಲಿ ಕಂಡಿದ್ದೇವೆ. ಆ ವರ್ಷ ಕ್ವಿಂಟಲ್ಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗೆ ಬಂದರು. ಹೀಗೆ ಪರರ ಕೊಳ್ಳುವಿಕೆಯನ್ನೇ ನಂಬಿ ಬದುಕುವ ಜನ, ಕೊಳ್ಳುವ ಮತ್ತು ಕೊಳ್ಳದಿರುವ ಮಾತನ್ನು ಹಗುರವಾಗಿ ಆಡುವ ಹಾಗಿಲ್ಲ.

ಮೊದಲು ಒಂದು ಸಣ್ಣ ವಸ್ತುವಿನಿಂದ ಆರಂಭಿಸುತ್ತೇನೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುತ್ತೇವೆ. ಅಕ್ಕಿ, ಬೆಲ್ಲದಚ್ಚು, ಎಲೆ ಅಡಿಕೆ, ಅರಿಶಿನದ ಕೊನೆ, ಕೊಬ್ಬರಿ ಗಿಟುಕು, ಅದರ ಪಕ್ಕದಲ್ಲಿ ಉತ್ತುತ್ತೆ. ಗಿಟುಕು ನಮ್ಮ ಅಟ್ಟದ್ದು. ಉತ್ತುತ್ತೆ, ಅಂದರೆ ಒಣ ಖರ್ಜೂರ, ಎಲ್ಲಿಯದು? ಬಹುಕಾಲ ಅದು ಹೆಚ್ಚಾಗಿ ಬರುತ್ತಿದ್ದದ್ದು ಪಾಕಿಸ್ತಾನದ ಸಿಂಧ್ ಪ್ರಾಂತ್ಯದಿಂದ, ಖೈರ್‌ಪುರ ಮತ್ತು ಸುಕ್ಕೂರಿನ ತೋಟಗಳಿಂದ. ಅಲ್ಲಿ ಹಣ್ಣು ಮರದಲ್ಲೇ ಪೂರ್ತಿ ಮಾಗುವಷ್ಟು ಹೊತ್ತಿಗೆ ಮುಂಗಾರು ಬಂದು ಕೊಳೆಸುತ್ತದೆ. ಅದಕ್ಕೇ ದೋರೆ ಇರುವಾಗಲೇ ಗೊನೆ ಇಳಿಸಿ, ದೊಡ್ಡ ಕಡಾಯಿಯಲ್ಲಿ ಬೇಯಿಸಿ, ಚಾಪೆಯ ಮೇಲೆ ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಆರಿಸುವ, ಬಿಡಿಸುವ ಕೆಲಸ ಮಾಡುವವರಲ್ಲಿ ಬಹಳ ಜನ ಹೆಂಗಸರು. ಮಳೆಗೆ ಅಂಜುವ, ಒಣಗಿಸಿ ಉಳಿಸಿಕೊಳ್ಳುವ ಬೇಸಾಯ ಎಂಥದ್ದೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಏಕಾದಶಿಯ ಅಡುಗೆಗೆ, ನಾಟಿ ಔಷಧಿಗೆ ಬಳಸುವ ಸೈಂಧವ ಲವಣದ್ದೂ ಇದೇ ಕಥೆ. ಅದರ ಬಹುಭಾಗ ಬರುತ್ತಿದ್ದದ್ದು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಿಂದ. ಹಿಮಾಚಲದ ಮಂಡಿಯಲ್ಲಿ ಸಿಗುವುದು ಅಲ್ಪ.

1965ರ ಯುದ್ಧದ ನಂತರ ಭಾರತ ಪಾಕಿಸ್ತಾನಗಳ ನಡುವಿನ ವ್ಯಾಪಾರ ಹೆಚ್ಚುಕಡಿಮೆ ಒಂಬತ್ತು ವರ್ಷ ನಿಂತೇ ಹೋಗಿತ್ತು. 1971ರ ಯುದ್ಧವೂ ಮುಗಿದು, ಶಿಮ್ಲಾ ಒಪ್ಪಂದವಾಗಿ, 1974ರಲ್ಲಿ ಮತ್ತೆ ಬಾಗಿಲು ತೆರೆಯಿತು. 1996ರಲ್ಲಿ ಭಾರತ ಪಾಕಿಸ್ತಾನಕ್ಕೆ ಪರಮಾಪ್ತ ರಾಷ್ಟ್ರದ ವ್ಯಾಪಾರ ಸ್ಥಾನ ಕೊಟ್ಟಿತು. ಮೂರು ವರ್ಷಕ್ಕೆ ಕಾರ್ಗಿಲ್ ನಡೆಯಿತು. ಆಗಲೂ ಆ ಸ್ಥಾನ ಹಾಗೇ ಉಳಿಯಿತು, ಉತ್ತುತ್ತೆ ಬರುತ್ತಲೇ ಇತ್ತು. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಪ್ರಾಣ ಕಳೆದುಕೊಂಡರು. ಅವರಲ್ಲೊಬ್ಬರು ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಮರುದಿನವೇ ಸರ್ಕಾರ ಆ ಸ್ಥಾನ ಹಿಂದೆಗೆದುಕೊಂಡಿತು, ಅದರ ಬೆನ್ನಿಗೇ ಪಾಕಿಸ್ತಾನದ ಸರಕಿಗೆಲ್ಲ ಶೇಕಡ 200 ಸುಂಕ ಹಾಕಿತು. ಅದೇ ಆಗಸ್ಟಿನಲ್ಲಿ ಪಾಕಿಸ್ತಾನ ತಾನೂ ವ್ಯಾಪಾರ ನಿಲ್ಲಿಸಿತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಯಿತು. ಶಿವಮೊಗ್ಗದ, ಬೆಂಗಳೂರಿನ ಮನೆಗಳ ದೀಪವೂ ಆರಿತು. ಮೇ 2ರಂದು ಸರ್ಕಾರ ಪಾಕಿಸ್ತಾನದಿಂದ ನೇರವಾಗಿಯಾಗಲಿ, ಬೇರೆ ದೇಶ ಸುತ್ತಿಕೊಂಡಾಗಲಿ ಯಾವ ಸರಕೂ ಬರಕೂಡದೆಂದು ಆಜ್ಞೆ ಹೊರಡಿಸಿತು.

ಆದರೂ ಬಂತು. ಮುಂಬೈ ಬಳಿಯ ನಾವಾ ಶೇವಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಕೆಲವೇ ವಾರಗಳಲ್ಲಿ 39 ಕಂಟೇನರುಗಳನ್ನು ಹಿಡಿದರು. ಅವುಗಳಲ್ಲಿ ಸುಮಾರು 1,115 ಟನ್ ಸರಕು. ದುಬೈ ಸರಕೆಂದು ಕಾಗದ ತೋರಿಸಿದ್ದರು, ಮೂಲ ಪಾಕಿಸ್ತಾನದ್ದು, ಅದರಲ್ಲಿ ಒಣ ಖರ್ಜೂರವೂ ಇತ್ತು. ಇಲ್ಲಿ ನನ್ನ ನಿಲುವು ಸ್ಪಷ್ಟ. ದೇಶ ಕಾನೂನಿನ ಮೂಲಕ ಒಂದು ಬಾಗಿಲು ಮುಚ್ಚಿದ ಮೇಲೆ ಕಳ್ಳದಾರಿಯಲ್ಲಿ ತಂದವರು ತಪ್ಪಿತಸ್ಥರು, ಅವರಿಗೆ ಶಿಕ್ಷೆಯಾಗಬೇಕು. ತಿಪಟೂರಿನ ದಿನಸಿ ಅಂಗಡಿಯಲ್ಲಿ ಮಗಳ ಮದುವೆಗೆಂದು ಕಾಲು ಕಿಲೋ ಉತ್ತುತ್ತೆ ಕಟ್ಟಿಸಿಕೊಂಡ ತಾಯಿಗೆ ಅದು ಯಾವ ಮರದ್ದೆಂದು ತಿಳಿಯುವ ದಾರಿಯೇ ಇಲ್ಲ. ಅವಳ ಮಡಿಲಿನಲ್ಲಿ ದೇಶಭಕ್ತಿಯನ್ನು ತಡಕುವುದು ಅನ್ಯಾಯ.

ಅನ್ಯಾಯ ಎಂಬ ಮಾತನ್ನು ಯೋಚಿಸಿಯೇ ಹೇಳುತ್ತಿದ್ದೇನೆ. ಪುಲ್ವಾಮಾ ಘಟನೆಯಾದ ಎಂಟು ದಿನಕ್ಕೆ ಬೆಂಗಳೂರಿನ ಇಂದಿರಾನಗರದಲ್ಲಿ ಜನರ ಗುಂಪೊಂದು ಕರಾಚಿ ಬೇಕರಿಯ ಮುಂದೆ ಸೇರಿ, ಹೆಸರು ಮುಚ್ಚಬೇಕೆಂದು ಹಟ ಹಿಡಿಯಿತು. ಸಿಬ್ಬಂದಿ ಫಲಕದ ಮೇಲೆ ಬಟ್ಟೆ ಹಾಕಬೇಕಾಯಿತು. ಆ ಬೇಕರಿಯನ್ನು ಕಟ್ಟಿದವರು ಖಾನ್‌ಚಂದ್ ರಾಮ್ನಾನಿ. ದೇಶ ವಿಭಜನೆಯಾದಾಗ ಸಿಂಧ್ ಬಿಟ್ಟು ಬಂದು, ಹೈದರಾಬಾದಿನಲ್ಲಿ ನೆಲೆಯಾಗಿ, 1953ರಲ್ಲಿ ಅಂಗಡಿ ತೆರೆದ ನಿರಾಶ್ರಿತರು. ಮನೆ ಕಳೆದುಕೊಂಡವರು ಹೆಸರನ್ನಾದರೂ ಇಟ್ಟುಕೊಂಡಿದ್ದರು. ಇನ್ನೂ ಹಿಂದೆ, 1962ರ ಚೀನಾ ಯುದ್ಧದ ನಂತರ, ಅಸ್ಸಾಂ ಬಂಗಾಳಗಳಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ಹಿಡಿದು ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಸಾಗಿಸಿದರು. ಕೆಲವರು ವರ್ಷಗಟ್ಟಲೆ ಅಲ್ಲಿ ಇದ್ದರು. ಹೆಂಗಸರು, ಮಕ್ಕಳು, ಮರಗೆಲಸದವರು, ಚಪ್ಪಲಿ ಹೊಲಿಯುವವರು. 2020ರ ಮಾರ್ಚಿನಲ್ಲಿ, ಕೊರೊನಾದ ಮೊದಲ ದಿನಗಳಲ್ಲಿ, ಮೈಸೂರಿನ ಒಂದು ಅಂಗಡಿ ನಾಗಾಲ್ಯಾಂಡಿನ ವಿದ್ಯಾರ್ಥಿಗಳನ್ನು ಮುಖ ನೋಡಿಯೇ ಹೊರಗೆ ನಿಲ್ಲಿಸಿತು. ವಸ್ತುವಿನ ಮೇಲಿನ ಸಿಟ್ಟು ಮನುಷ್ಯನ ಮೇಲೆ ಹರಿಯುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ. ಈ ಎಚ್ಚರ ಇಲ್ಲದ ಬಹಿಷ್ಕಾರವನ್ನು ನಾನು ಬೆಂಬಲಿಸಲಾರೆ.

ಈಗ ಚೀನಾದ ಮಾತು. 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ನಡೆದ ಆ ಯುದ್ಧ ನಮ್ಮ ಹಿರಿಯರ ಎದೆಯಲ್ಲಿ ಬಿಟ್ಟ ನೋವು ಸಣ್ಣದಲ್ಲ. ರಾಷ್ಟ್ರೀಯ ರಕ್ಷಣಾ ನಿಧಿಗೆ ದೇಶದ ಹೆಂಗಸರು ಮೈಮೇಲಿನ ಬಂಗಾರ ಬಿಚ್ಚಿಕೊಟ್ಟ ಕಾಲ ಅದು. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಸತ್ತಾಗ ಆ ನೋವು ಮತ್ತೆ ಕೆದಕಿದಂತಾಯಿತು. ಎರಡು ವಾರಕ್ಕೆ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಊರೂರಿನಲ್ಲಿ ಚೀನಾ ವಸ್ತು ಬೇಡವೆಂಬ ಕೂಗು ಎದ್ದಿತು. ಆ ದಿನಗಳಲ್ಲಿ ನಮ್ಮ ಪೇಟೆಯ ಮೊಬೈಲ್ ಅಂಗಡಿಯ ಹುಡುಗನೊಬ್ಬ ನನ್ನನ್ನು ನಿಲ್ಲಿಸಿ ಕೇಳಿದ:

‘ಮೇಷ್ಟ್ರೇ, ಇವನ್ನೆಲ್ಲ ನಾನು ದುಡ್ಡು ಕೊಟ್ಟೇ ತಂದಿರೋದು. ಈಗ ಸುಟ್ಟಾಕು ಅಂತಾರೆ. ಚೀನಾದೋನಿಗೆ ಹೋಗ್ಬೇಕಾದ್ದು ಆಗ್ಲೇ ಹೋಗದೆ. ಸುಡೋದು ನನ್ ಸಾಲ ಅಲ್ವಾ?’

ಅವನ ಮಾತಿನಲ್ಲಿ ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಇತ್ತು. ಅಂಗಡಿಗೆ ಬಂದ ಸರಕಿನ ಹಣ ತಯಾರಕನಿಗೆ ಮುಟ್ಟಿ ತಿಂಗಳುಗಳಾಗಿರುತ್ತವೆ. ನಡುವೆ ಆಮದುದಾರ, ಬೆಂಗಳೂರಿನ ಸಗಟು ವ್ಯಾಪಾರಿ, ತುಮಕೂರಿನ ಏಜೆಂಟು ತಮ್ಮ ಪಾಲು ತೆಗೆದುಕೊಂಡಿರುತ್ತಾರೆ. ಕೊನೆಗೆ ಉಳಿದವನು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ತೆಗೆದು ಅಂಗಡಿ ಇಟ್ಟ ನಮ್ಮ ಹುಡುಗ. ಬೀದಿಯ ಬಹಿಷ್ಕಾರದ ಪೆಟ್ಟು ಮೊದಲು ಬೀಳುವುದು ಅವನಿಗೆ.

ಮೊಬೈಲು ಬಿಡಿ. ತೋಟಕ್ಕೆ ಬನ್ನಿ. ಆಳು ಸಿಗದ ಕಾಲದಲ್ಲಿ ತೆಂಗಿನ ಸಾಲಿನ ಕಳೆ ಕೊಚ್ಚುವ ಬ್ರಷ್ ಕಟರ್, ಔಷಧಿ ಹೊಡೆಯುವ ಸ್ಪ್ರೇಯರು, ಅದರ ಬ್ಯಾಟರಿ, ಕೊಟ್ಟಿಗೆಯ ಎಲ್‌ಇಡಿ ಬಲ್ಬು, ಮನೆಯಿಂದಲೇ ಪಂಪ್‌ಸೆಟ್ಟು ಚಾಲೂ ಮಾಡುವ ಸ್ಟಾರ್ಟರಿನ ಒಳಗಿನ ಬಿಡಿಭಾಗ, ಇವುಗಳಲ್ಲಿ ಎಷ್ಟೋ ಚೀನಾದಿಂದ ಬಂದವು. ಪೆಟ್ಟಿಗೆಯ ಮೇಲೆ ಭಾರತದ ಹೆಸರಿದ್ದರೂ ಒಳಗಿನ ಭಾಗ ಅಲ್ಲಿಯದಾಗಿರುತ್ತದೆ. ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯ ಸೌರ ವಿದ್ಯುತ್ ಪಾರ್ಕು ಇದೆ, 2,050 ಮೆಗಾವಾಟಿನದು. ಅದು ಎದ್ದು ನಿಂತ ವರ್ಷಗಳಲ್ಲಿ ದೇಶ ಹಾಕಿಸಿದ ಸೌರ ಫಲಕಗಳಲ್ಲಿ ಹೆಚ್ಚಿನವು ಚೀನಾದವು. ನಮ್ಮ ಔಷಧಿ ಕಾರ್ಖಾನೆಗಳು ಹೊರಗಿನಿಂದ ತರಿಸುವ ಮೂಲ ರಾಸಾಯನಿಕಗಳಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲಿಯದು. ಅಂದರೆ ಬಿ.ಪಿ. ಮಾತ್ರೆ ನುಂಗುವ ಅಜ್ಜಿಯೂ ಈ ವ್ಯಾಪಾರದ ಒಳಗಿದ್ದಾಳೆ. ಗಲ್ವಾನ್ ನಡೆಯುವ ಮೊದಲಿನ ವರ್ಷ, 2019-20ರಲ್ಲಿ, ಚೀನಾದಿಂದ ನಾವು ತರಿಸಿದ್ದು ಸುಮಾರು 6,500 ಕೋಟಿ ಡಾಲರಿನ ಸರಕು. ಐದು ವರ್ಷದ ಬಹಿಷ್ಕಾರದ ಮಾತಿನ ನಂತರ, 2024-25ರಲ್ಲಿ, ಅದು 11,300 ಕೋಟಿ ಡಾಲರಿಗೆ ಏರಿತು. ಅದೇ ವರ್ಷ ನಾವು ಅವರಿಗೆ ಮಾರಿದ್ದು ಸುಮಾರು 1,400 ಕೋಟಿ ಡಾಲರಿನಷ್ಟು. ಕೂಗಿದವರು ಸುಳ್ಳು ಕೂಗಿದರೆಂದು ನಾನು ಹೇಳುವುದಿಲ್ಲ. ಅವರ ಸಂಕಟ ನಿಜ. ಅಂಗಡಿಯ ಕಟ್ಟೆಯ ಮುಂದೆ ನಿಂತು ಮಾಡುವ ಪ್ರತಿಜ್ಞೆಗೆ ಕಾರ್ಖಾನೆ ಕಟ್ಟುವ ಶಕ್ತಿ ಇಲ್ಲ, ಅಷ್ಟೆ.

ಇಷ್ಟು ಕೊಳ್ಳುವ ಮಾತಾಯಿತು. ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಮಾರುವ ಮಾತು.

ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಕಬ್ಬಿಣ ಇದೆಯೆಂಬುದು ಹೊಸ ಸುದ್ದಿಯಲ್ಲ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಈಸ್ಟ್ ಇಂಡಿಯಾ ಕಂಪನಿಯ ನೌಕರ ಫ್ರಾನ್ಸಿಸ್ ಬ್ಯುಕನನ್ ಇಲ್ಲಿನ ಜನ ಅದಿರು ಅಗೆದು, ಇದ್ದಿಲ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ಮಾಡುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ಊರಿನ ನೇಗಿಲಿಗೆ, ಕುಡುಗೋಲಿಗೆ ಸಾಕಾಗುವಷ್ಟು ಕೆಲಸ ಅದು. ಮುಂದೆ ಮ್ಯಾಂಗನೀಸ್ ಗಣಿಗಳು ಬಂದವು. ಆದರೂ ಗುಡ್ಡ ಗುಡ್ಡವಾಗಿಯೇ ಇತ್ತು.

2003ರ ಸುಮಾರಿಗೆ ಚೀನಾದ ಉಕ್ಕಿನ ಕಾರ್ಖಾನೆಗಳು ಎಷ್ಟು ಅದಿರು ಕೊಟ್ಟರೂ ಸಾಲದು ಎನ್ನುವ ಹಂತಕ್ಕೆ ಬಂದವು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಕ್ರೀಡಾಂಗಣ, ಸೇತುವೆ, ರೈಲುದಾರಿ, ಹೊಸ ನಗರಗಳು ಏಳುತ್ತಿದ್ದವು. ಅದಿರಿನ ಬೆಲೆ ಕಂಡರಿಯದಷ್ಟು ಏರಿತು. ಬಳ್ಳಾರಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಥೆ ಅಷ್ಟು ಪ್ರಸಿದ್ಧವಾಗಲಿಲ್ಲ. ನಮಗಂತೂ ಗೊತ್ತಿದೆ. ಹಗಲು ರಾತ್ರಿ ಲಾರಿ. ತಾರ್ಪಾಲು ಹೊದಿಸದ ಲಾರಿಯಿಂದ ಉದುರಿದ ಕೆಂಪು ಪುಡಿ ರಸ್ತೆಯ ಎರಡೂ ಬದಿಯ ತೆಂಗಿನ ಗರಿಯ ಮೇಲೆ, ಹೊಂಬಾಳೆಯ ಮೇಲೆ, ರಾಗಿಯ ತೆನೆಯ ಮೇಲೆ, ಶಾಲೆಯ ಹಂಚಿನ ಮೇಲೆ ಕುಳಿತಿತು. ಬಾವಿ, ಕಟ್ಟೆಗಳ ನೀರು ಮಳೆಗಾಲದಲ್ಲಿ ಕೆಂಪಾಗಿ ಹರಿಯಿತು. ಗುಡ್ಡದ ತಪ್ಪಲಿನ ಗೋಮಾಳ ಇಲ್ಲವಾಯಿತು. ಹಳ್ಳಿಯ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕವರನ್ನು ನೆನೆದರೆ ಇವತ್ತಿಗೂ ಕೆಲವು ಮನೆಗಳಲ್ಲಿ ಮಾತು ನಿಲ್ಲುತ್ತದೆ. ದೇಶದಿಂದ ಹೊರಹೋದ ಅದಿರು 2009-10ರಲ್ಲಿ 11 ಕೋಟಿ ಟನ್ನು ದಾಟಿತು. ಅದರಲ್ಲಿ ಬಹುಪಾಲು ಹೋದದ್ದು ಒಂದೇ ದೇಶಕ್ಕೆ, ಚೀನಾಕ್ಕೆ.

ಆ ವರ್ಷಗಳಲ್ಲಿ ಲಾರಿ ತಡೆದವರಿದ್ದರು. ಧೂಳಿಗಾಗಿ ತಡೆದರು, ರಸ್ತೆಗಾಗಿ ತಡೆದರು, ಅರಣ್ಯಕ್ಕಾಗಿ ನ್ಯಾಯಾಲಯಕ್ಕೆ ಹೋದರು. ಅವರಿಗೆ ನಾನು ಕೈಮುಗಿಯುತ್ತೇನೆ. ‘ಇದು 1962ರಲ್ಲಿ ನಮ್ಮ ಮೇಲೆ ಬಂದವರಿಗೆ ಹೋಗುತ್ತಿದೆ, ಕೊಡಬಾರದು’ ಎಂಬ ಕೂಗನ್ನು ಮಾತ್ರ ನಾನು ಈ ಸೀಮೆಯಲ್ಲಿ ಕೇಳಲಿಲ್ಲ. ನಾನೂ ಕೂಗಲಿಲ್ಲ, ನನ್ನ ಜೊತೆಯ ಯಾವ ಉಪನ್ಯಾಸಕರೂ ಕೂಗಲಿಲ್ಲ. ಐನೂರು ರೂಪಾಯಿಯ ಟಾರ್ಚು ಕೊಳ್ಳುವವನಿಗೆ ನಾವು ಯುದ್ಧವನ್ನು ನೆನಪಿಸುತ್ತೇವೆ. ಇಡೀ ಗುಡ್ಡವನ್ನು ಹಡಗಿಗೆ ತುಂಬುವವನಿಗೆ ನೆನಪಿಸಲಿಲ್ಲ. ಟಾರ್ಚಿನಿಂದ ಚೀನಾಕ್ಕೆ ಸಿಗುವುದು ಲಾಭದ ಒಂದು ಚೂರು. ಅದಿರಿನಿಂದ ಸಿಕ್ಕಿದ್ದು ಉಕ್ಕು. ಉಕ್ಕಿನಿಂದ ರೈಲುಕಂಬಿ, ಸೇತುವೆ, ಹಡಗು, ಫಿರಂಗಿ ಎಲ್ಲವೂ ಆಗುತ್ತವೆ. ಟಿಬೆಟ್ಟಿನ ಎತ್ತರಕ್ಕೆ ಚೀನಾ ರೈಲು ಹಾಯಿಸಿದ್ದು 2006ರಲ್ಲಿ. ಅದರ ಕಂಬಿಯಲ್ಲಿ ನಮ್ಮ ಗುಡ್ಡದ ಕಣ ಇತ್ತೆಂದು ನಾನು ಹೇಳಲಾರೆ. ದೇಶದ ಸುರಕ್ಷತೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಕೊಳ್ಳುವ ಕಡೆಗಿಂತ ಮಾರುವ ಕಡೆ ದೊಡ್ಡದಾಗಿತ್ತು ಎಂದು ಮಾತ್ರ ಖಂಡಿತ ಹೇಳುತ್ತೇನೆ.

ಕೊನೆಗೆ ತಡೆದದ್ದು ಕಾನೂನು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆಯ ತನಿಖಾ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಎರಡು ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್ 26ರಂದು ತುಮಕೂರು, ಚಿತ್ರದುರ್ಗಗಳಲ್ಲೂ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆ ಅದು. 2013ರ ಏಪ್ರಿಲಿನ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮ ಅತಿಯಾಗಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಮೂರೂ ಜಿಲ್ಲೆಗಳ ಅದಿರು ಹೊರದೇಶಕ್ಕೆ ಹೋಗುವುದು ಬಹಳ ವರ್ಷ ನಿಂತಿತ್ತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ರಫ್ತಿಗೆ ಮತ್ತೆ ಅವಕಾಶ ಕೊಟ್ಟಿತು. ಗಲ್ವಾನ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಆಗಲೂ ಪತ್ರಿಕೆಗಳಲ್ಲಿ ಬೆಲೆಯ ಚರ್ಚೆ, ಸುಂಕದ ಚರ್ಚೆ ನಡೆಯಿತು. ಕೊಳ್ಳುವವರು ಯಾರೆಂಬ ಚರ್ಚೆ ಕಾಣಲಿಲ್ಲ.

ಮಾರುವುದೆಲ್ಲ ಒಂದೇ ಬಗೆಯದಲ್ಲ ಎಂಬುದನ್ನೂ ಹೇಳಬೇಕು. ತಿಪಟೂರು, ತುರುವೇಕೆರೆ ಸುತ್ತಿನ ನಾರಿನ ಕಾರ್ಖಾನೆಗಳನ್ನು ನೋಡಿ. ಭಾರತದ ತೆಂಗಿನ ನಾರನ್ನು ಅತಿ ಹೆಚ್ಚು ಕೊಳ್ಳುತ್ತಿರುವ ದೇಶ ಚೀನಾ. ಅಲ್ಲಿ ಅದು ಹಾಸಿಗೆಯ ಒಳಗೆ ಹೋಗುತ್ತದೆ. ಹಿಂದೆ ಮಟ್ಟೆಯನ್ನು ಒಲೆಗೆ ಹಾಕುತ್ತಿದ್ದೆವು, ಮಿಕ್ಕಿದ್ದು ತೋಟದಲ್ಲಿ ಕೊಳೆಯುತ್ತಿತ್ತು. ಇಂದು ಅದರಿಂದ ನಾರು ತೆಗೆದು, ಒಣಗಿಸಿ, ಹೊರೆ ಕಟ್ಟುವ ಕೆಲಸದಲ್ಲಿ ನೂರಾರು ಹೆಂಗಸರಿಗೆ ವಾರದ ಬಟವಾಡೆ ಇದೆ. ಮಟ್ಟೆ ಮುಂದಿನ ಕೊಯ್ಲಿಗೆ ಮತ್ತೆ ಬರುತ್ತದೆ, ಗುಡ್ಡ ಬರುವುದಿಲ್ಲ. ನಾರಿನ ವ್ಯಾಪಾರದಲ್ಲಿ ದುಡಿದವಳ ಕೈಗೆ ಹಣ ಬರುತ್ತದೆ. ಅದಿರಿನ ವ್ಯಾಪಾರದಲ್ಲಿ ಹಣ ಕೆಲವರ ಮನೆಗೆ, ಧೂಳು ಎಲ್ಲರ ಮನೆಗೆ ಹೋಯಿತು. ಚೀನಾಕ್ಕೆ ನಾರು ಮಾರುವುದನ್ನು ನಿಲ್ಲಿಸಿ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಒಪ್ಪುವುದಿಲ್ಲ. ಕೊಳ್ಳುವವರು ಒಬ್ಬರೇ ಆಗಿರುವುದು ಅಪಾಯ ಎನ್ನುವುದನ್ನು ಮಾತ್ರ ಒಪ್ಪುತ್ತೇನೆ. ಅವರು ನಾಳೆ ಕೊಳ್ಳುವುದು ನಿಲ್ಲಿಸಿದರೆ ಆ ಹೆಂಗಸರಿಗೆ ಬೇರೆ ಗಿರಾಕಿಯನ್ನು ಹುಡುಕಿಡುವುದು ತೆಂಗುನಾರು ಮಂಡಳಿಯ, ಸರ್ಕಾರದ ಹೊಣೆ.

ಇನ್ನೊಂದು ಮಾತು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ತೆಂಗಿನ ಬೆಲೆಯ ಮೇಲೆ ವರ್ಷವರ್ಷವೂ ಭಾರ ಹಾಕುತ್ತ ಬಂದಿರುವುದು ಶತ್ರು ದೇಶದ ಸರಕಲ್ಲ. ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ದೇಶ ಪ್ರತಿವರ್ಷ 75 ಲಕ್ಷ ಟನ್ನಿಗೂ ಹೆಚ್ಚು ತರಿಸುತ್ತಿದೆ. ಆ ದೇಶಗಳೊಡನೆ ನಮಗೆ ಯಾವ ಯುದ್ಧವೂ ಇಲ್ಲ. ಅಡುಗೆಮನೆಯ ತಾಳೆ ಎಣ್ಣೆಯ ಪೊಟ್ಟಣವನ್ನು ಯಾರೂ ಬೀದಿಗೆ ತಂದು ಸುಡುವುದಿಲ್ಲ. ಸುಡಲಿ ಎಂದು ನಾನು ಹೇಳುತ್ತಿಲ್ಲ, ಬಡವರ ಬಾಣಲೆಗೆ ಬೀಳುವುದು ಅದೇ ಎಣ್ಣೆ. ರೈತನ ಹಿತ ಮತ್ತು ದೇಶದ ವೈರ ಒಂದೇ ದಾರಿಯಲ್ಲಿ ನಡೆಯುವುದಿಲ್ಲ ಎಂಬುದನ್ನು ಗಮನಿಸಬೇಕು.

ವೈರಕ್ಕಾಗಿ ವ್ಯಾಪಾರ ನಿಲ್ಲಿಸಿದ ಅರಸರು ನಮ್ಮ ಮೈಸೂರಿನಲ್ಲೂ ಇದ್ದರು. ಆರ್ಕಾಟಿನ ನವಾಬ, ಹೈದರಾಬಾದಿನ ನಿಜಾಮ ಇಬ್ಬರ ಮೇಲೂ ಟಿಪ್ಪು ಸುಲ್ತಾನನಿಗೆ ತೀರದ ಸಿಟ್ಟು. ಅವರ ಸೀಮೆಗಳೊಡನೆ ವ್ಯಾಪಾರವನ್ನೇ ನಿಷೇಧಿಸಿದನೆಂದೂ, ಅದರಿಂದ ಬೆಂಗಳೂರು ಪೇಟೆ ಸೊರಗಿತೆಂದೂ, ಅರಮನೆಯ ಉಗ್ರಾಣದ ಸರಕನ್ನು ವರ್ತಕರ ತಲೆಗೆ ಹೆಚ್ಚಿನ ಬೆಲೆಗೆ ಕಟ್ಟಿದನೆಂದೂ ಬ್ಯುಕನನ್ ಬರೆಯುತ್ತಾನೆ. ಬ್ಯುಕನನ್ ಗೆದ್ದ ಕಂಪನಿಯ ಸಂಬಳ ಪಡೆದವನು, ಸೋತ ಅರಸನ ವಿಷಯದಲ್ಲಿ ಅವನ ಮಾತನ್ನು ಎಚ್ಚರದಿಂದ ಓದಬೇಕು. ಟಿಪ್ಪುವಿನ ಭಯಕ್ಕೆ ಕಾರಣವೂ ಇತ್ತು. ಕಂಪನಿ ಎಂಬುದು ಮೆಣಸು ಕೊಳ್ಳಲು ಬಂದು ಕೋಟೆ ಕಟ್ಟಿದ ಸಂಸ್ಥೆ. ಆದರೂ ಪೇಟೆಯ ವರ್ತಕ, ನೇಕಾರ ಆ ಹಗೆಯ ಖರ್ಚನ್ನು ಹೊತ್ತರು ಎನ್ನುವುದು ಸುಳ್ಳಾಗಿರಲಾರದು.

ವೈರ ಮುಗಿದು ವ್ಯಾಪಾರ ಬೆಳೆದ ಕಥೆಗಳೂ ಇವೆ, ನಮ್ಮ ಕಣ್ಣೆದುರೇ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೇನೆಯ ಎದುರು ಆಫ್ರಿಕಾ, ಇಟಲಿಗಳಲ್ಲಿ ಭಾರತದ ಸೈನಿಕರು ಸತ್ತು ಆರೇ ವರ್ಷಕ್ಕೆ, 1951ರಲ್ಲಿ, ಜರ್ಮನಿಯ ಬಾಷ್ ಸಹಯೋಗದ ಮೈಕೋ ಹುಟ್ಟಿತು. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವುದು ನಮ್ಮ ಜಿಲ್ಲೆಯ ಹುಡುಗರ ಕನಸಾಗಿತ್ತು. ಇಂಫಾಲ, ಕೊಹಿಮಾಗಳಲ್ಲಿ 1944ರಲ್ಲಿ ಜಪಾನಿನೊಡನೆ ಕಾದಿದೆವು. 1952ರ ಜೂನ್ 9ರಂದು ಭಾರತ ಜಪಾನಿನೊಡನೆ ತಾನೇ ಬೇರೆಯಾಗಿ ಶಾಂತಿ ಒಪ್ಪಂದ ಮಾಡಿಕೊಂಡು, ಯುದ್ಧ ಪರಿಹಾರ ಬೇಡವೆಂದಿತು. ಮುಂದೆ ನಮ್ಮ ಅದಿರನ್ನು ಜಪಾನ್ ಕೊಂಡಿತು, ಇಂದು ಬಿಡದಿಯಲ್ಲಿ ಟೊಯೊಟಾ ಕಾರು ತಯಾರಾಗುತ್ತದೆ. ಆ ಯುದ್ಧ ನಾವು ಆರಿಸಿಕೊಂಡದ್ದಲ್ಲ, ಬ್ರಿಟಿಷರು ನಮ್ಮನ್ನು ಎಳೆದೊಯ್ದದ್ದು. ಬಹುಶಃ ಅದಕ್ಕೇ ಮರೆಯುವುದು ಸುಲಭವಾಯಿತು.

ಹೆಚ್ಚು ಕಲಿಯಬೇಕಾದದ್ದು ವಿಯೆಟ್ನಾಮಿನಿಂದ. ಅಮೆರಿಕದ ಬಾಂಬು, ವಿಷದ ಮಳೆ ಎರಡನ್ನೂ ತಿಂದ ದೇಶ ಅದು. 1975ರಲ್ಲಿ ಯುದ್ಧ ಮುಗಿಯಿತು, ವ್ಯಾಪಾರ ದಿಗ್ಬಂಧನ 1994ರವರೆಗೆ ಉಳಿಯಿತು. ನಡುವಿನ ಆ ವರ್ಷಗಳಲ್ಲಿ, ಕಾಣೆಯಾದ ಅಮೆರಿಕನ್ ಸೈನಿಕರ ಅಸ್ಥಿಗಳನ್ನು ಕಾಡಿನಲ್ಲಿ ಹುಡುಕಿ ಮನೆಗಳಿಗೆ ಮರಳಿಸುವ ಕೆಲಸಕ್ಕೆ ಎರಡೂ ಸರ್ಕಾರಗಳು ಕೈಜೋಡಿಸಿದವು. ಅದಾದ ಮೇಲೆ ದಿಗ್ಬಂಧನ ಹೋಯಿತು, 1995ರಲ್ಲಿ ರಾಯಭಾರ ಸಂಬಂಧ ಬಂತು, ವ್ಯಾಪಾರ ಒಪ್ಪಂದ ಇನ್ನೂ ತಡವಾಗಿ, 2001ರಲ್ಲಿ ಜಾರಿಯಾಯಿತು. ಇಂದು ಅಮೆರಿಕದ ಮಕ್ಕಳ ಕಾಲಲ್ಲಿ ವಿಯೆಟ್ನಾಮಿನ ಬೂಟು. ಅಲ್ಲಿ ಸತ್ತವರ ಲೆಕ್ಕ ಮೊದಲು, ಸರಕಿನ ಲೆಕ್ಕ ಆಮೇಲೆ ನಡೆಯಿತು. ಭಾರತ ಚೀನಾಗಳ ನಡುವೆ ಕ್ರಮ ತಿರುಗುಮುರುಗಾಗಿದೆ. ಗಡಿ ಯಾವುದೆಂದೇ ತೀರ್ಮಾನವಾಗಿಲ್ಲ, ಗಸ್ತು ಎಲ್ಲಿಯವರೆಗೆ ಎಂಬ ಒಪ್ಪಂದಕ್ಕೆ 2024ರ ಅಕ್ಟೋಬರ್ ಬೇಕಾಯಿತು. ಸರಕು ಮಾತ್ರ ಯಾರನ್ನೂ ಕೇಳದೆ ಹರಿಯುತ್ತಿದೆ. ಒಂದು ಕಾಲದಲ್ಲಿ ಕಾದಾಡಿದ ದೇಶ ಬೇರೆ, ಇನ್ನೂ ಕಾದಾಟ ಮುಗಿಯದ ದೇಶ ಬೇರೆ. ಈ ವ್ಯತ್ಯಾಸವನ್ನು ಬಿಟ್ಟು ಜರ್ಮನಿ, ಜಪಾನುಗಳ ಉದಾಹರಣೆ ಕೊಟ್ಟು ಸಮಾಧಾನ ಹೇಳುವವರ ಮಾತು ನನಗೆ ಸಾಲದು.

ಹಾಗಾದರೆ ನೀವೇನು ಮಾಡಬೇಕೆನ್ನುತ್ತೀರಿ ಎಂದು ಕೇಳಬಹುದು. ಮಗನನ್ನು ಗಡಿಯಲ್ಲಿ ಕಳೆದುಕೊಂಡ ಮನೆಯವರು ಆ ದೇಶದ ವಸ್ತು ನಮ್ಮ ಹೊಸಿಲು ದಾಟಕೂಡದೆಂದರೆ ಅದರ ಮುಂದೆ ನಾನು ತಲೆಬಾಗುತ್ತೇನೆ. ಅದು ದುಃಖದ ಹಕ್ಕು, ವಾದಕ್ಕೆ ಸಿಗುವುದಲ್ಲ. ಆ ಹಕ್ಕನ್ನು ಕೈಗೆತ್ತಿಕೊಂಡು ನೆರೆಯ ಅಂಗಡಿಯವನನ್ನು ಹೆದರಿಸುವುದು ಬೇರೆ ಮಾತು. ಯಾವ ಸರಕು ಬರಬೇಕು, ಯಾವುದು ಬರಬಾರದು ಎಂಬುದನ್ನು ಸರ್ಕಾರ ಬಹಿರಂಗವಾಗಿ, ಎಲ್ಲರಿಗೂ ಒಂದೇ ರೀತಿಯಲ್ಲಿ ನಿರ್ಧರಿಸಲಿ. ನಿರ್ಧರಿಸಿದ ಮೇಲೆ ಸಣ್ಣ ಅಂಗಡಿಯಲ್ಲಿ ಉಳಿದ ದಾಸ್ತಾನಿಗೆ ಕಾಲಾವಕಾಶ ಕೊಡಲಿ. ತುಮಕೂರಿನ ವಸಂತನರಸಾಪುರದಲ್ಲಿ ಇಷ್ಟು ದೊಡ್ಡ ಕೈಗಾರಿಕಾ ಪ್ರದೇಶ ಇರುವಾಗ ತೆಂಗಿನ ತೋಟದ ಕಳೆ ಯಂತ್ರ, ಮರ ಹತ್ತುವ ಯಂತ್ರ, ಕಾಯಿ ಸುಲಿಯುವ ಯಂತ್ರಗಳ ಎಂಜಿನ್ನು ಇಲ್ಲೇ ಯಾಕೆ ಆಗಬಾರದು ಎಂದು ನಮ್ಮ ಶಾಸಕರನ್ನು, ಸಂಸದರನ್ನು ಕೇಳೋಣ. ಹೊರಗಿನದನ್ನು ಬಿಡಲು ಒಳಗಿನದು ಕೈಗೆ ಸಿಗಬೇಕು, ಕೆಟ್ಟರೆ ರಿಪೇರಿಯಾಗಬೇಕು, ಬೆಲೆ ಸಣ್ಣ ಹಿಡುವಳಿದಾರನಿಗೆ ಎಟುಕಬೇಕು.

ಇನ್ನು ಮಾರಿದ್ದರ ಬಾಕಿ. ಗಣಿ ಪ್ರದೇಶದಲ್ಲಿ ಆದ ಹಾನಿಗೆ ಪರಿಹಾರವಾಗಿ ಸುಪ್ರೀಂ ಕೋರ್ಟಿನ ಆದೇಶದಂತೆ ಅದಿರಿನ ಮಾರಾಟದ ಹಣದಿಂದಲೇ ಒಂದು ದೊಡ್ಡ ನಿಧಿ ಕೂಡಿಬಂದಿದೆ. ಅದನ್ನು ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. 2022ರಲ್ಲಿ ನ್ಯಾಯಾಲಯ ಒಪ್ಪಿದ ಯೋಜನೆಯ ಗಾತ್ರ ಸುಮಾರು 25,000 ಕೋಟಿ ರೂಪಾಯಿ. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ರಸ್ತೆ, ಅರಣ್ಯ ಎಲ್ಲಕ್ಕೂ ಅದರಲ್ಲಿ ಬಾಬ್ತುಗಳಿವೆ. ಚೀನಾಕ್ಕೆ ಹೋದ ಗುಡ್ಡದ ಬೆಲೆಯಲ್ಲಿ ನಮಗೆ ಸಲ್ಲಬೇಕಾದ ಪಾಲು ಇದು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಜಿಲ್ಲೆಗಳ ಜೊತೆ ತುಮಕೂರು ಜಿಲ್ಲೆಯ ಗಣಿಬಾಧಿತ ಹಳ್ಳಿಗಳಿಗೂ ಅದರಲ್ಲಿ ಹಕ್ಕಿದೆ. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಊರಿನ ಹೆಸರು ಆ ಪಟ್ಟಿಯಲ್ಲಿ ಇದೆಯೇ, ಯಾವ ಕೆಲಸಕ್ಕೆ ಎಷ್ಟು ಮಂಜೂರಾಗಿದೆ, ಕೆಲಸ ಎಲ್ಲಿಗೆ ಬಂದಿದೆ ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಹೂಳು ತುಂಬಿದ ಕಟ್ಟೆಗಳ ಹೆಸರು, ಕೆಂಪಾದ ಬಾವಿಗಳ ಸರ್ವೆ ನಂಬರು ಹಿಡಿದುಕೊಂಡೇ ಸಭೆಗೆ ಹೋಗಿ. ಅರ್ಜಿ ಬರೆಯುವುದಕ್ಕೆ ಕೈ ಬೇಕಾದರೆ ನಾನು ಬರುತ್ತೇನೆ.